ಸಾಯಿಸುತೆ, ಉಷಾ ನವರತ್ನರಾಂ ಆದ ಮೇಲೆ ಯಾರು? ಮೆಚ್ಚುವಂಥ ಪ್ರೇಮ ಕಾದಂಬರಿಕಾರರನ್ನು ಹುಡುಕೋದು ಹೇಗೆ?

ಮಲ್ಲಿಗೆದಂಡೆ:

ಎಲ್ಲರಿಗೂ ನಮಸ್ಕಾರ. ಸಾಯಿಸುತೆ ಅವರ ಕಾದಂಬರಿಗಳನ್ನು ಸಿಕ್ಕಷ್ಟೂ ಓದಾಗಿದೆ. ಉಷಾ ನವರತ್ನರಾಂ ಅವರ ‘ಹೊಂಬಿಸಿಲು’, ‘ಬಂಧನ’ ಎರಡೂ ಆಗಿವೆ. ಈಗ ಬೇರೆ ಹೆಸರುಗಳು ಬೇಕು. ಈಗ ಬರೆಯುತ್ತಿರುವವರೇ ಆಗಬೇಕೆಂದಿಲ್ಲ, ನನಗೆ ಹೊಸಬರಾದರೆ ಸಾಕು. ಐವತ್ತು ವರ್ಷ ಹಳೆಯ ಪುಸ್ತಕವಾದರೂ ಸರಿ.

ನಾಯಕಿಗೆ ತನ್ನದೊಂದು ಮನಸ್ಸಿರಬೇಕು. ಸುಖಾಂತವೇ ಆಗಬೇಕೆಂಬ ಹಟ ಇಲ್ಲ. ಕೊನೆಯ ಎರಡು ಪುಟದಲ್ಲಿ ಎಲ್ಲರೂ ಒಮ್ಮೆಗೇ ಒಳ್ಳೆಯವರಾಗಿಬಿಡುವ ಕಥೆ ಮಾತ್ರ ಬೇಡ. ಒಬ್ಬೊಬ್ಬರೂ ಐವತ್ತು, ನೂರು ಕಾದಂಬರಿ ಬರೆದಿರುವಾಗ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ. ಆನ್‌ಲೈನ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಅರ್ಧಕ್ಕರ್ಧ ಸಿಗುವುದೇ ಇಲ್ಲ. ತಿಳಿದವರು ದಯವಿಟ್ಟು ಹೇಳಿ.

ಅರಳಿಕಟ್ಟೆ:

ಹೆಸರು ಹುಡುಕುವ ಮುಂಚೆ ಒಂದು ಕೆಲಸ ಮಾಡಿ ಮೇಡಂ. ನಿಮಗೆ ತುಂಬ ಹಿಡಿಸಿದ ನಾಲ್ಕೈದು ಕಾದಂಬರಿ ನೆನಪು ಮಾಡಿಕೊಳ್ಳಿ. ಅವರಿಬ್ಬರೂ ಮೊದಲ ಅಧ್ಯಾಯದಲ್ಲೇ ಒಂದಾಗಲಿಲ್ಲವಲ್ಲ, ನಡುವೆ ಅಡ್ಡ ನಿಂತದ್ದು ಏನು ಅಂತ ಒಂದೊಂದಕ್ಕೂ ಒಂದೇ ಸಾಲು ಬರೆಯಿರಿ. ಅಂತಸ್ತು, ಮನೆಯವರು, ಹಳೆಯ ಪ್ರೀತಿ, ಸ್ವಾಭಿಮಾನ, ಬಾಯಿಬಿಟ್ಟು ಹೇಳಿಕೊಳ್ಳಲಾಗದ ಸಂಕೋಚ, ಹೀಗೆ ಏನಾದರೊಂದು ಇರುತ್ತದೆ. ನಾಲ್ಕರಲ್ಲಿ ಮೂರು ಸಾಲು ಒಂದೇ ಥರ ಬಂದರೆ ನಿಮ್ಮ ರುಚಿ ಯಾವುದೆಂದು ಗೊತ್ತಾಯಿತು. ‘ಚೆನ್ನಾಗಿ ಬರೆಯುವವರು ಯಾರು’ ಅಂತ ಕೇಳಿದರೆ ನೂರು ಹೆಸರು ಬರುತ್ತವೆ. ‘ಮದುವೆ ಆದ ಮೇಲೆ ಹುಟ್ಟುವ ಪ್ರೀತಿಯನ್ನು ಚೆನ್ನಾಗಿ ಬರೆಯುವವರು ಯಾರು’ ಅಂತ ಕೇಳಿದರೆ ಮೂರೋ ನಾಲ್ಕೋ ಹೆಸರು ಬರುತ್ತವೆ, ಅವು ಕೆಲಸಕ್ಕೂ ಬರುತ್ತವೆ.

ಮದುವೆಯ ನಂತರದ ಪ್ರೀತಿಯೇ ಬೇಕಾದರೆ ವಾಣಿ ಅವರಿಂದ ಶುರು ಮಾಡಿ. ‘ಎರಡು ಕನಸು’ ಕಾದಂಬರಿಯಲ್ಲಿ ಹಳೆಯ ಪ್ರೀತಿಯನ್ನು ಎದೆಯಲ್ಲಿಟ್ಟುಕೊಂಡೇ ಮನೆಯವರ ಮಾತಿಗೆ ಮದುವೆಯಾದ ಗಂಡ ಇದ್ದಾನೆ, ಅವನ ಮನಸ್ಸಿನ ಬಾಗಿಲು ತೆರೆಯುವ ತನಕ ಕಾಯುವ ಹೆಂಡತಿ ಇದ್ದಾಳೆ. ಅಡ್ಡ ನಿಂತದ್ದು ಸ್ವಾಭಿಮಾನ ಅಂತ ನಿಮ್ಮ ಸಾಲು ಹೇಳುತ್ತಿದ್ದರೆ ಅದೇ ಲೇಖಕಿಯ ‘ಶುಭಮಂಗಳ’ ತೆಗೆದುಕೊಳ್ಳಿ. ಅಲ್ಲಿ ನಾಯಕಿ ಯಾರ ಹಂಗಿನಲ್ಲೂ ಇರಲು ಒಪ್ಪುವುದಿಲ್ಲ. ನೀವು ಕೇಳಿದ ‘ತನ್ನದೊಂದು ಮನಸ್ಸು’ ಅಲ್ಲಿ ಧಾರಾಳವಾಗಿ ಇದೆ.

‘ಬಂಧನ’ ಓದಿದ್ದೀರಿ ಅಂದಿರಿ. ಅದರಲ್ಲಿ ಹಿಡಿಸಿದ್ದು ಡಾಕ್ಟರುಗಳ ಲೋಕವೋ, ಒಮ್ಮುಖ ಪ್ರೀತಿಯೋ ಅನ್ನೋದನ್ನು ಬೇರೆ ಮಾಡಿ ನೋಡಿ. ಉಷಾ ನವರತ್ನರಾಂ ಅವರ ಈ ಎರಡೂ ಕಾದಂಬರಿಗಳಲ್ಲಿ ವೈದ್ಯರೇ ಇದ್ದಾರೆ, ಆದರೆ ನೋವಿನ ಬೇರು ಬೇರೆ ಬೇರೆ. ಆಸ್ಪತ್ರೆಯ ವಾತಾವರಣವೇ ಇಷ್ಟವಾಗಿದ್ದರೆ ಅನುಪಮಾ ನಿರಂಜನ ಅವರ ಕಡೆ ಹೋಗಬಹುದು. ಅವರು ಸ್ವತಃ ವೈದ್ಯೆ. ಆದರೆ ಅವರಲ್ಲಿ ಪ್ರೇಮಕ್ಕಿಂತ ಹೆಣ್ಣಿನ ಬದುಕಿನ ಪ್ರಶ್ನೆ ಮುಂದೆ ನಿಲ್ಲುತ್ತದೆ, ಅದನ್ನು ತಿಳಿದುಕೊಂಡೇ ಹೋಗಿ.

ಇನ್ನು ತ್ರಿವೇಣಿ. ‘ಬೆಳ್ಳಿಮೋಡ’ ಓದಿಲ್ಲವಾದರೆ ಎಲ್ಲ ಬಿಟ್ಟು ಮೊದಲು ಅದನ್ನೇ ಓದಿ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ, ಆಕೆಗೆ ಗೊತ್ತಾದ ಹುಡುಗ ಮೋಹನ್. ಅವಳ ತಂದೆಯ ದುಡ್ಡಲ್ಲೇ ಅವನು ಓದಲು ವಿದೇಶಕ್ಕೆ ಹೋಗುತ್ತಾನೆ. ಇತ್ತ ಎಷ್ಟೋ ವರ್ಷದ ನಂತರ ಆ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ, ಆಸ್ತಿಗೆ ವಾರಸುದಾರ ಬಂದಂತಾಯಿತು. ಅಲ್ಲಿಂದ ಮೋಹನನ ಪ್ರೀತಿ ಯಾವುದರ ಮೇಲೆ ನಿಂತಿತ್ತು ಅನ್ನೋದು ಒಂದೊಂದೇ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಖಳನಾಯಕ ಇಲ್ಲ, ಕೂಗಾಟ ಇಲ್ಲ. ತೊಟ್ಟಿಲಲ್ಲಿ ಮಲಗಿದ ಒಂದು ಮಗುವೇ ಸಾಕಾಗುತ್ತದೆ. ಕೊನೆಯನ್ನು ಹೇಳುವುದಿಲ್ಲ. ನಾಯಕಿಗೆ ಮನಸ್ಸಿರಬೇಕು ಎಂದವರಿಗೆ ಇದಕ್ಕಿಂತ ಒಳ್ಳೆಯ ಕೊನೆ ನಮ್ಮ ಜನಪ್ರಿಯ ಕಾದಂಬರಿಗಳಲ್ಲಿ ಸಿಗುವುದು ಕಷ್ಟ.

ನೂರು ಪುಸ್ತಕ ಬರೆದವರ ವಿಷಯ. ಒಬ್ಬ ಲೇಖಕಿಯನ್ನು ಒಂದೇ ಪುಸ್ತಕದಿಂದ ಅಳೆಯಬೇಡಿ, ಹತ್ತನ್ನು ಒಟ್ಟಿಗೆ ಕೊಂಡೂ ತರಬೇಡಿ. ಮೂರು ಸಾಕು: ಬರೆಯಲು ಶುರು ಮಾಡಿದ ಕಾಲದ್ದು ಒಂದು, ಹೆಸರು ಮಾಡಿದ ಕಾಲದ್ದು ಒಂದು, ತೀರ ಈಚಿನದು ಒಂದು. ಮೂರರಲ್ಲಿ ಎರಡು ಹಿಡಿಸಿದರೆ ಮುಂದುವರಿಯಿರಿ. ಪುಸ್ತಕ ಯಾವ ಕಾಲದ್ದೆಂದು ಮುಖಪುಟ ನೋಡಿ ತೀರ್ಮಾನಿಸಬೇಡಿ. ಹಳೆಯ ಕಾದಂಬರಿಗಳಿಗೆ ಹೊಸ ಮುಖಪುಟ ಹಾಕಿ ಮರುಮುದ್ರಣ ಮಾಡುತ್ತಲೇ ಇರುತ್ತಾರೆ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಮೊದಲ ಮುದ್ರಣ’ ಅಂತ ಇಸವಿ ಇರುತ್ತದಲ್ಲ, ಅದೇ ನಿಜವಾದ ವಯಸ್ಸು. ಪುಟಗಳ ಸಂಖ್ಯೆ, ಡೆಮಿ 1/8 ಎಂಬ ಅಳತೆ, ಎಷ್ಟನೇ ಮುದ್ರಣ ಎಲ್ಲವೂ ಅಲ್ಲೇ ಸಿಗುತ್ತದೆ. ಐದಾರು ಮುದ್ರಣ ಕಂಡಿದ್ದರೆ ಓದುಗರು ಕೈಬಿಟ್ಟಿಲ್ಲ ಅಂತ ಅರ್ಥ.

ಬೆಳ್ಳಿತೆರೆ_ಪುಸ್ತಕ:

ಸಿನಿಮಾದಿಂದ ಲೇಖಕರನ್ನು ಹಿಡಿಯೋ ದಾರಿ ಕನ್ನಡದಲ್ಲಿ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಅರವತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನವರೆಗೆ ಎಷ್ಟೋ ಚಿತ್ರಗಳು ಲೇಖಕಿಯರ ಕಾದಂಬರಿಗಳ ಮೇಲೇ ನಿಂತಿದ್ದವು. ಪುಟ್ಟಣ್ಣ ಕಣಗಾಲ್, ದೊರೆ-ಭಗವಾನ್, ಗೀತಪ್ರಿಯ ಅವರ ಚಿತ್ರಗಳ ಶುರುವಿನ ಹೆಸರುಗಳನ್ನು ಓಡಿಸದೆ ನೋಡಿ. ‘ಕಾದಂಬರಿ’ ಅಥವಾ ‘ಕಥೆ’ ಎಂಬ ಸಾಲಿನಲ್ಲಿ ಲೇಖಕರ ಹೆಸರು ಇರುತ್ತದೆ. ಚಿತ್ರ ಹಿಡಿಸಿದ್ದರೆ ಆ ಹೆಸರು ಬರೆದಿಟ್ಟುಕೊಳ್ಳಿ.

ಹೀಗೆ ಹುಡುಕಿದರೆ ‘ಬೆಳ್ಳಿಮೋಡ’ (1967), ‘ಹಣ್ಣೆಲೆ ಚಿಗುರಿದಾಗ’ (1968), ‘ಶರಪಂಜರ’ (1971) ಚಿತ್ರಗಳಿಂದ ತ್ರಿವೇಣಿ ಸಿಗುತ್ತಾರೆ. ‘ಎರಡು ಕನಸು’ (1974), ‘ಶುಭಮಂಗಳ’ (1975), ‘ಹೊಸ ಬೆಳಕು’ (1982) ಚಿತ್ರಗಳಿಂದ ವಾಣಿ. ‘ಬೆಸುಗೆ’ (1976) ಚಿತ್ರದಿಂದ ಅಶ್ವಿನಿ. ‘ಎರಡು ಮುಖ’ (1969) ಚಿತ್ರದಿಂದ ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು ಬರೀ ಪ್ರೇಮಕಥೆ ಅನ್ನಲಾಗದು, ಆದರೆ ಅದರೊಳಗಿನ ಪ್ರೀತಿಯ ಎಳೆಯನ್ನು ಓದಿದವರು ಮರೆಯುವುದಿಲ್ಲ.

ಎಡವುವುದು ಎಲ್ಲಿ ಅಂದರೆ, ಸಿನಿಮಾಕ್ಕೆ ಹೆಸರು ಬದಲಾಗಿರುತ್ತದೆ. ರಾಜ್‌ಕುಮಾರ್ ಅವರ ‘ಅನುರಾಗ ಅರಳಿತು’ (1986) ಇದೆಯಲ್ಲ, ಆ ಹೆಸರಿನ ಕಾದಂಬರಿ ಹುಡುಕಿದರೆ ಸಿಗುವುದಿಲ್ಲ. ಎಚ್.ಜಿ. ರಾಧಾದೇವಿ ಅವರ ಆ ಕಾದಂಬರಿಯ ಹೆಸರು ‘ಅನುರಾಗದ ಅಂತಃಪುರ’. ‘ಕಾಮನಬಿಲ್ಲು’ (1983) ಚಿತ್ರದ ಮೂಲ ಅಶ್ವಿನಿ ಅವರ ‘ಮೃಗತೃಷ್ಣಾ’. ಅಂಗಡಿಯಲ್ಲಿ ಸಿನಿಮಾದ ಹೆಸರು ಹೇಳಿದರೆ ‘ಇಲ್ಲ’ ಅನ್ನುತ್ತಾರೆ, ಪುಸ್ತಕ ಅದೇ ಕಪಾಟಿನಲ್ಲಿ ಇರುತ್ತದೆ.

ಇನ್ನೊಂದು ಮಾತು. ‘ಅನುರಾಗ ಅರಳಿತು’ ತೆಲುಗು, ತಮಿಳು, ಹಿಂದಿಗೂ ಹೋಯಿತು, ಹೋದಲ್ಲೆಲ್ಲ ಹೀರೋ ದೊಡ್ಡವನಾಗುತ್ತ ಹೋದ. ಕಾದಂಬರಿಯಿಂದ ಬಂದ ಚಿತ್ರಗಳಲ್ಲಿ ಇದು ಸಾಮಾನ್ಯ. ನಾಯಕಿಯ ಮನಸ್ಸಿನೊಳಗೆ ನಡೆಯುವುದನ್ನು ತೆರೆಯ ಮೇಲೆ ತೋರಿಸುವುದು ಕಷ್ಟ, ಹಾಗಾಗಿ ಅದು ಹಾಡಾಗುತ್ತದೆ, ಇಲ್ಲವೇ ಜಾಗ ಬಿಟ್ಟುಕೊಡುತ್ತದೆ. ಸಿನಿಮಾ ಹಿಡಿಸಲಿಲ್ಲ ಅಂತ ಕಾದಂಬರಿ ಬಿಡಬೇಡಿ.

ಆನ್‌ಲೈನ್‌ನಲ್ಲಿ ಸಿಗದಿರುವುದಕ್ಕೆ ಕಾಗುಣಿತವೇ ಮುಖ್ಯ ಕಾರಣ. ಒಂದು ಕಡೆ ‘ಎಚ್.ಜಿ.’, ಇನ್ನೊಂದು ಕಡೆ ‘ಹೆಚ್.ಜಿ.’ ಇರುತ್ತದೆ. ‘ನವರತ್ನರಾಂ’ ಮತ್ತು ‘ನವರತ್ನರಾಮ್’, ‘ಸಾಯಿಸುತೆ’ ಮತ್ತು ‘ಸಾಯಿ ಸುತೆ’, ‘ಮೃಗತೃಷ್ಣಾ’ ಮತ್ತು ‘ಮೃಗತೃಷ್ಣ’ ಹೀಗೆ ಎರಡೆರಡು ರೂಪ ಓಡಾಡುತ್ತವೆ. ಎರಡನ್ನೂ ಹಾಕಿ ನೋಡಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಎಷ್ಟೋ ಅಂಗಡಿಗಳು ಪಟ್ಟಿಯನ್ನು ಮೊದಲು ಇಂಗ್ಲಿಷ್ ಅಕ್ಷರದಲ್ಲೇ ಏರಿಸಿರುತ್ತವೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಪಟ್ಟಿಯಾದರೆ ಈಗಿನ ಯೂನಿಕೋಡ್‌ ಅಕ್ಷರದಲ್ಲಿ ಹುಡುಕಿದ ಪದ ತಾಳೆಯಾಗುವುದೇ ಇಲ್ಲ, ಅಂಥಲ್ಲಿ ಲೇಖಕರ ಪಟ್ಟಿ ತೆರೆದು ಕಣ್ಣಲ್ಲೇ ನೋಡಬೇಕು. ವಾಣಿ, ಅಶ್ವಿನಿ ಅಂತ ಬರೀ ಹೆಸರು ಹಾಕಿದರೆ ಸಂಬಂಧವಿಲ್ಲದ್ದೆಲ್ಲ ಬರುತ್ತದೆ, ಜೊತೆಗೆ ಕಾದಂಬರಿಯ ಹೆಸರನ್ನೂ ಹಾಕಿ.

ಗ್ರಂಥಾಲಯದ ಸೂಚಿಯಲ್ಲಿ ಕಾವ್ಯನಾಮದ ಬದಲು ನಿಜನಾಮ ಇರುವುದೂ ಉಂಟು. ತ್ರಿವೇಣಿ ಅನಸೂಯಾ ಶಂಕರ್ ಆಗಿರಬಹುದು, ವಾಣಿ ಸುಬ್ಬಮ್ಮ ಆಗಿರಬಹುದು, ಅಶ್ವಿನಿ ಕನಕಮ್ಮ ಆಗಿರಬಹುದು.

ತುಂಗಾತೀರ:

ಅರಳಿಕಟ್ಟೆ ಸರ್, ತ್ರಿವೇಣಿ ಅವರನ್ನು ಪ್ರೇಮ ಕಾದಂಬರಿಕಾರರ ಸಾಲಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಓದಿದವರಿಗೆ ಗೊತ್ತು, ಅವರ ಕಣ್ಣಿದ್ದದ್ದು ಮನಸ್ಸಿನ ಗಾಯಗಳ ಮೇಲೆ. ಪ್ರೇಮಕಥೆ ಅಂದುಕೊಂಡು ‘ಶರಪಂಜರ’ ಕೈಗೆತ್ತಿಕೊಂಡವರು ಅರ್ಧಕ್ಕೇ ಎದೆ ಭಾರ ಮಾಡಿಕೊಂಡು ಕೆಳಗಿಡುತ್ತಾರೆ, ಆಮೇಲೆ ಆ ಲೇಖಕಿಯ ಕಡೆಗೇ ತಿರುಗಿ ನೋಡುವುದಿಲ್ಲ. ಮಲ್ಲಿಗೆದಂಡೆ ಅವರೇ, ತ್ರಿವೇಣಿ ಓದುವುದಾದರೆ ‘ಬೆಳ್ಳಿಮೋಡ’, ಆಮೇಲೆ ‘ಹಣ್ಣೆಲೆ ಚಿಗುರಿದಾಗ’, ಆ ನಂತರ ‘ಶರಪಂಜರ’. ಈ ಕ್ರಮ ತಪ್ಪಿಸಬೇಡಿ.

ಅರಳಿಕಟ್ಟೆ:

ಕ್ರಮ ಒಪ್ಪಿದೆ ತುಂಗಾತೀರ ಅವರೇ, ‘ಶರಪಂಜರ’ ಕೊನೆಗೇ ಇರಲಿ. ಆದರೆ ಮನಸ್ಸಿನ ಗಾಯದ ಕಥೆ ಪ್ರೇಮದ ಕಥೆ ಅಲ್ಲ ಅನ್ನಲು ನಾನು ತಯಾರಿಲ್ಲ. ‘ಹಣ್ಣೆಲೆ ಚಿಗುರಿದಾಗ’ ಎಂಬ ಹೆಸರಿನಲ್ಲೇ ಪ್ರೀತಿಗೆ ವಯಸ್ಸಿಲ್ಲ ಅನ್ನುವ ಮಾತಿದೆ.

ಹಳೇಪುಸ್ತಕ:

ಕೊಳ್ಳುವವರಿಗೆ ಬೇಕಾದ ವಿಷಯ ಹೇಳುತ್ತೇನೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾಗಲಿ, ನಿಮ್ಮೂರಿನ ಹಳೆ ಪುಸ್ತಕದಂಗಡಿಯಲ್ಲಾಗಲಿ ಇಂಥ ಕಾದಂಬರಿಗಳು ಹೆಚ್ಚಾಗಿ ಬರುವುದು ಮುಚ್ಚಿಹೋದ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ. ನೂರಾರು ಕೈ ದಾಟಿದ ಪ್ರತಿಗಳು ಅವು. ಡೆಮಿ 1/8 ಅಳತೆಯ ಪುಸ್ತಕ ಸಾಮಾನ್ಯವಾಗಿ 16 ಪುಟದ ಫಾರಂಗಳಲ್ಲಿ, ಅಂದರೆ ಮಡಚಿ ಹೊಲಿಯುವ ಕಟ್ಟುಗಳಲ್ಲಿ ಅಚ್ಚಾಗುತ್ತದೆ. ಹೊಲಿಗೆ ಸಡಿಲವಾದರೆ ಒಂದು ಹಾಳೆ ಹೋಗುವುದಿಲ್ಲ, ಇಡೀ ಫಾರಂ ಕಳಚಿಕೊಳ್ಳುತ್ತದೆ. ಹಾಗಾಗಿ ದುಡ್ಡು ಕೊಡುವ ಮುಂಚೆ 1, 17, 33, 49 ಹೀಗೆ ಹದಿನಾರರ ಲೆಕ್ಕದಲ್ಲಿ ಪುಟ ತಿರುಗಿಸಿ. ನಿಮಿಷದ ಕೆಲಸ. ಕೊನೆಯ ಪುಟವನ್ನು ತಪ್ಪದೆ ನೋಡಿ, ‘ಮುಗಿಯಿತು’ ಅಥವಾ ಏನಾದರೂ ಕೊನೆಯ ಗುರುತು ಇದೆಯಾ ಅಂತ. ಮೊದಲು ಕಳಚುವುದು ರಟ್ಟಿಗೆ ಅಂಟಿಕೊಂಡ ಮೊದಲ ಮತ್ತು ಕೊನೆಯ ಫಾರಂಗಳೇ. ಪ್ರೇಮ ಕಾದಂಬರಿಯಲ್ಲಿ ಕೊನೆಯ 16 ಪುಟ ಹೋದರೆ ಕಥೆಯೇ ಹೋದಂತೆ.

ಮತ್ತೆ ರಟ್ಟು ಕಟ್ಟಿಸಿದ ಪ್ರತಿಗಳಲ್ಲಿ ಇನ್ನೊಂದು ತೊಂದರೆ. ಬೈಂಡರ್ ಪಕ್ಕದಿಂದ ಚುಚ್ಚಿ ಹೊಲಿದಿದ್ದರೆ ಒಳಬದಿಯ ಅಕ್ಷರಗಳು ಹೊಲಿಗೆಯೊಳಗೆ ಸೇರಿಹೋಗಿರುತ್ತವೆ. ನಡುಪುಟ ಬಿಡಿಸಿ, ಸಾಲಿನ ಮೊದಲಕ್ಷರ ಕಾಣುತ್ತದೆಯೇ ನೋಡಿಕೊಳ್ಳಿ.

ಹೊಸ ಲೇಖಕರನ್ನು ಹುಡುಕುವವರಿಗೆ ಈ ಲೈಬ್ರರಿ ಪ್ರತಿಗಳಲ್ಲಿ ಒಂದು ಲಾಭವೂ ಉಂಟು. ಒಳಗೆ ಅಂಟಿಸಿದ ತಾರೀಖಿನ ಚೀಟಿ ಹರಿದಿಲ್ಲದಿದ್ದರೆ ಓದಿ. ಎರಡು ಕಾಲಂ ತುಂಬಿ, ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಆ ಊರಿನ ಓದುಗರು ಅದನ್ನು ಕೇಳಿ ಕೇಳಿ ಓದಿದ್ದಾರೆ. ಕೆಲವು ಪುಸ್ತಕಗಳ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನ ಸಣ್ಣ ಗುರುತುಗಳು, ಸದಸ್ಯ ಸಂಖ್ಯೆಗಳು ಇರುತ್ತವೆ. ಒಮ್ಮೆ ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಓದುಗರು ಹಾಕಿಕೊಂಡ ಗುರುತು ಅವು. ಒಂದೇ ಗುರುತು ಒಬ್ಬ ಲೇಖಕಿಯ ಐದಾರು ಪುಸ್ತಕಗಳಲ್ಲಿ ಕಂಡರೆ ಆ ಲೇಖಕಿಯನ್ನು ಒಬ್ಬರಾದರೂ ಬಿಡದೆ ಹಿಂಬಾಲಿಸಿದ್ದಾರೆ ಎಂದಾಯಿತು. ಜಾಹೀರಾತಿಗಿಂತ ನಂಬುವಂಥ ಶಿಫಾರಸು ಇದು.

ಧಾರಾವಾಹಿಯಾಗಿ ಬಂದದ್ದೋ, ಮಾಸಿಕದಲ್ಲಿ ಒಂದೇ ಸಲ ಬಂದದ್ದೋ ಅಂತ ಮುನ್ನುಡಿಯಲ್ಲಿ ನೋಡಿ. ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಾದಂಬರಿಯಲ್ಲಿ ಪ್ರತಿ ಅಧ್ಯಾಯದ ಕೊನೆಗೊಂದು ಕೊಕ್ಕೆ ಇರುತ್ತದೆ, ಮುಂದಿನದರ ಶುರುವಿನಲ್ಲಿ ಹಿಂದಿನ ವಾರದ್ದನ್ನು ನೆನಪಿಸುವ ಸಾಲುಗಳಿರುತ್ತವೆ. ಪುಸ್ತಕ ಮಾಡುವಾಗ ತಿದ್ದದೆ ಬಿಟ್ಟಿದ್ದರೆ ಒಂದೇ ಓಟದಲ್ಲಿ ಓದುವವರಿಗೆ ಬೇಸರ. ಅಂಥದನ್ನು ದಿನಕ್ಕೆರಡು ಅಧ್ಯಾಯದಂತೆ ಓದಿ, ಸೊಗಸಾಗಿರುತ್ತದೆ. ‘ರಾಗಸಂಗಮ’ದಂಥ ಮಾಸಿಕದಲ್ಲಿ ಇಡೀ ಕಾದಂಬರಿ ಒಂದೇ ಸಂಚಿಕೆಗೆ ಹಿಡಿಯಬೇಕು. ಪುಟಮಿತಿ ಮೀರುವಂತಿಲ್ಲ, ಆದ್ದರಿಂದ ಕೊನೆ ದಡಬಡ ಮುಗಿಯುವ ಅಪಾಯ ಹೆಚ್ಚು. ಎಲ್ಲರೂ ಒಮ್ಮೆಗೇ ಒಳ್ಳೆಯವರಾಗುತ್ತಾರೆ ಅಂದಿರಲ್ಲ ಮೇಡಂ, ಬಹಳ ಸಲ ಕಾರಣ ಇದೇ.

ಹೊಸ ಪ್ರತಿಯೇ ಬೇಕಾದರೆ ನವೆಂಬರ್ ತನಕ ಕಾಯಿರಿ, ರಾಜ್ಯೋತ್ಸವದ ತಿಂಗಳಲ್ಲಿ ಬಹುತೇಕ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ.

ಮಲ್ಲಿಗೆದಂಡೆ:

ಎಲ್ಲರಿಗೂ ತುಂಬ ಧನ್ಯವಾದ. ಸಾಲು ಬರೆದು ನೋಡಿದೆ, ನಾಲ್ಕರಲ್ಲಿ ಮೂರು ‘ಸ್ವಾಭಿಮಾನ’ ಅಂತಲೇ ಬಂತು. ಹಾಗಾದರೆ ‘ಶುಭಮಂಗಳ’ ಮೊದಲು. ಮೊಬೈಲಿನಲ್ಲಿ ಓದುವಂಥದ್ದು, ಈಗಿನವರು ಬರೆದದ್ದು ಆರಿಸುವುದು ಹೇಗೆ? ಇಂಟರ್ನೆಟ್‌ನಲ್ಲಿ ಸಿಗುವ ತ್ರಿವೇಣಿ ಅವರ ಪುಸ್ತಕಗಳನ್ನು ಇಳಿಸಿಕೊಳ್ಳುವುದು ಸರಿಯೇ?

ಕಾಜಾಣ:

ಎರಡನೇ ಪ್ರಶ್ನೆ ಮೊದಲು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು 2023ರ ಕೊನೆಗೆ ಮುಗಿದಿದೆ, 2024ರ ಜನವರಿ 1ರಿಂದ ಅವು ಎಲ್ಲರ ಸ್ವತ್ತು. ಆದರೆ ತೀರಿಕೊಂಡ ಮೇಲೆ ಮೊದಲ ಬಾರಿ ಪ್ರಕಟವಾದ ಪುಸ್ತಕವಿದ್ದರೆ ಆ 60 ವರ್ಷವನ್ನು ಪ್ರಕಟವಾದ ಮರುವರ್ಷದಿಂದ ಎಣಿಸಬೇಕು. ಆದ್ದರಿಂದ ಪ್ರತಿಯೊಂದರ ‘ಮೊದಲ ಮುದ್ರಣ’ದ ಇಸವಿ ನೋಡಿ. ಎಂ.ಕೆ. ಇಂದಿರಾ ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇದೆ. ಅವರ ಪಿಡಿಎಫ್ ಎಲ್ಲಿ ಕಂಡರೂ ಬೇಡ, ಕೊಂಡು ಓದಿ.

ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಹಳೆಯ ಗ್ರಂಥಾಲಯ ಪ್ರತಿಗಳ ಸ್ಕ್ಯಾನ್‌ಗಳಿವೆ. ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ವಿಚಿತ್ರ ಕಾಗುಣಿತದಿಂದ ಏರಿಸಿದ್ದಾರೆ. ಕಾದಂಬರಿಯ ಪೂರ್ತಿ ಹೆಸರು ಹಾಕದೆ ಲೇಖಕರ ಹೆಸರಷ್ಟೇ ಹಾಕಿ, ಭಾಷೆ ಕನ್ನಡ ಅಂತ ಆರಿಸಿ, ಬಂದದ್ದನ್ನು ಒಂದೊಂದಾಗಿ ನೋಡಿ. ಹಳೇಪುಸ್ತಕ ಅವರು ಹೇಳಿದ ಹದಿನಾರರ ಲೆಕ್ಕ ಇಲ್ಲೂ ಅನ್ವಯ, ಹರಿದ ಪ್ರತಿಯನ್ನೇ ಸ್ಕ್ಯಾನ್ ಮಾಡಿದ್ದೂ ಇದೆ.

ಈಗಿನವರು ಬರೆದದ್ದಕ್ಕೆ ಪ್ರತಿಲಿಪಿ ಎಂಬ ಆ್ಯಪ್ ಇದೆ, ಕಥೆಗಳು ಕಂತುಕಂತಾಗಿ ಬರುತ್ತವೆ; ಪುಸ್ತಕದ ರೂಪಕ್ಕೆ ಮೈಲ್ಯಾಂಗ್ ಎಂಬ ಇ-ಪುಸ್ತಕದ ಆ್ಯಪ್ ಇದೆ. ಪ್ರತಿಲಿಪಿಯಲ್ಲಿ ಧಾರಾವಾಹಿ ಹಿಡಿಯುವ ಮುಂಚೆ ಅದು ಮುಗಿದಿದೆಯೋ, ನಡೆಯುತ್ತಿದೆಯೋ ನೋಡಿ. ನಡೆಯುತ್ತಿದ್ದರೆ ಕೊನೆಯ ಕಂತು ಬಂದ ತಾರೀಖು ನೋಡಿ, ತಿಂಗಳುಗಟ್ಟಲೆ ಹಿಂದಿನದಾದರೆ ಅದು ಮುಂದುವರಿಯುವ ನಂಬಿಕೆ ಕಡಿಮೆ. ನಕ್ಷತ್ರಗಳ ಸರಾಸರಿ ನಂಬಬೇಡಿ, ಪರಿಚಯದವರೇ ಐದೈದು ಕೊಟ್ಟಿರುತ್ತಾರೆ. ಒಂದನೇ ಕಂತಿನ ಮತ್ತು ಇಪ್ಪತ್ತನೇ ಕಂತಿನ ಓದುಗರ ಸಂಖ್ಯೆ ಹೋಲಿಸಿ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಅರ್ಧ ಉಳಿದಿದ್ದರೂ ಕಥೆಗೆ ಹಿಡಿತವಿದೆ.

ಓದುವುದು ಹೀಗೆ: ಮೊದಲ ಮೂರು ಕಂತು, ಆಮೇಲೆ ನೇರ ಹತ್ತನೆಯದು. ಹತ್ತರಲ್ಲೂ ಮೂರರಲ್ಲಿದ್ದ ಜಗಳವೇ, ಅದೇ ತಪ್ಪು ತಿಳಿವಳಿಕೆಯೇ ನಡೆಯುತ್ತಿದ್ದರೆ ಬಿಡಿ. ಒಂದು ಮಾತಿಗೆ ಬಗೆಹರಿಯುವ ತಪ್ಪು ತಿಳಿವಳಿಕೆಯ ಮೇಲೆ ನಿಂತ ಪ್ರೇಮಕಥೆ ಎಷ್ಟು ಉದ್ದವಾದರೂ ಗಟ್ಟಿಯಾಗುವುದಿಲ್ಲ. ಹಟ ಮಾಡುವ ಶ್ರೀಮಂತ ನಾಯಕ ನಾಯಕಿಯ ಕೈಹಿಡಿದು ಎಳೆಯುವುದನ್ನೇ ಪ್ರೀತಿ ಅಂತ ಬರೆಯುವವರು ಅಲ್ಲಿ ಬಹಳ ಇದ್ದಾರೆ. ನಿಮಗೆ ಬೇಕಾದ್ದು ಸ್ವಾಭಿಮಾನದ ನಾಯಕಿ, ಆದ್ದರಿಂದ ಅಂಥವರನ್ನು ಮೂರನೇ ಕಂತಿನಲ್ಲೇ ಗುರುತಿಸಿ ಬಿಡಬಹುದು.

ತುಂಗಾತೀರ:

ಯಾರೂ ಹೇಳದ ಒಂದು ಪುಸ್ತಕ ಸೇರಿಸುತ್ತೇನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಜನ ಇದನ್ನು ‘ದೊಡ್ಡ ಸಾಹಿತ್ಯ’ ಅಂತ ಕಪಾಟಿನ ಮೇಲಿಟ್ಟು ಕೈಮುಗಿಯುತ್ತಾರೆ, ಪ್ರೇಮಕಥೆ ಹುಡುಕುವವರಿಗೆ ಯಾರೂ ಕೊಡುವುದಿಲ್ಲ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ, ಮೂರು ಜೋಡಿ, ಮೂರು ಅಂತಸ್ತು. ತನಗೆ ಬೇಡದ ಮದುವೆಯನ್ನು ತಪ್ಪಿಸಿಕೊಂಡು ರಾತ್ರಿಯ ಕಾಡಿಗೆ ಇಳಿಯುವ ಹೂವಳ್ಳಿ ಚಿನ್ನಮ್ಮನಿಗಿಂತ ಸ್ವಾಭಿಮಾನದ ನಾಯಕಿ ಬೇಕೇ?

ಹೆಚ್ಚಿನವರು ಇದನ್ನು ಮೊದಲ ಐವತ್ತು ಪುಟದಲ್ಲೇ ಬಿಡುತ್ತಾರೆ, ಹೆಸರುಗಳು ಕಲಸಿಹೋಗುತ್ತವೆ. ಅದಕ್ಕೆ ಒಂದು ಹಾಳೆ ಇಟ್ಟುಕೊಂಡು ಜನರನ್ನು ಮನೆಗಳ ಪ್ರಕಾರ ಬರೆದುಕೊಳ್ಳಿ: ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ. ಯಾರು ಯಾವ ಮನೆಯವರು ಅಂತ ಗೊತ್ತಾದರೆ ಉಳಿದದ್ದು ತಾನೇ ಹಿಡಿದುಕೊಳ್ಳುತ್ತದೆ. ಅವಸರ ಬೇಡ, ‘ಶುಭಮಂಗಳ’, ‘ಬೆಳ್ಳಿಮೋಡ’ ಆದ ಮೇಲೆ ಶುರು ಮಾಡಿ.

ಮಲ್ಲಿಗೆದಂಡೆ:

‘ಮದುಮಗಳು’ ಮನೆಯಲ್ಲೇ ಇದೆ ತುಂಗಾತೀರ ಅವರೇ. ‘ಶುಭಮಂಗಳ’, ‘ಅನುರಾಗದ ಅಂತಃಪುರ’ ಎರಡಕ್ಕೂ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಅಶ್ವಿನಿ ಅವರದ್ದರಲ್ಲಿ ‘ಬೆಸುಗೆ’ ಮೊದಲೋ, ‘ಮೃಗತೃಷ್ಣಾ’ ಮೊದಲೋ?

ಬೆಳ್ಳಿತೆರೆ_ಪುಸ್ತಕ:

‘ಬೆಸುಗೆ’ ಮೊದಲು. ಅದು ಹಿಡಿಸಿದರೆ ‘ಮೃಗತೃಷ್ಣಾ’. ‘ಕಾಮನಬಿಲ್ಲು’ ಚಿತ್ರ ನೋಡಿಲ್ಲವಾದರೆ ಕಾದಂಬರಿ ಓದಿ ಮುಗಿಯುವ ತನಕ ನೋಡಬೇಡಿ, ರಾಜ್‌ಕುಮಾರ್ ಮುಖ ಒಮ್ಮೆ ಕಣ್ಣಲ್ಲಿ ಕೂತರೆ ಕಾದಂಬರಿಯ ನಾಯಕನನ್ನು ನಿಮ್ಮದೇ ಮನಸ್ಸಿನಲ್ಲಿ ಮೂಡಿಸಿಕೊಳ್ಳಲು ಆಗುವುದಿಲ್ಲ.